ಮ್ಯಾಮೊಗ್ರಾಮ್: ಒಂದೇ ಚಿತ್ರ ಸಾಲದು

ಸ್ತನ ಕ್ಯಾನ್ಸರ್ ಕುರಿತ ಜನಪ್ರಿಯ ಲೇಖನ, ಕರಪತ್ರಗಳನ್ನು ನೀವು ಗಮನಿಸಿರಬಹುದು. ಹೆಚ್ಚಿನವುಗಳಲ್ಲಿ ಮ್ಯಾಮೊಗ್ರಾಮ್‌ನ ಒಂದೇ ಬಗೆಯ ಚಿತ್ರ: ಸುತ್ತಲೂ ಮುಳ್ಳು ಚಾಚಿದ ಬಿಳಿ ಗಂಟು. ಚಿತ್ರ ಸುಳ್ಳಲ್ಲ. ನಾಳಗಳಿಂದ ಹೊರಗೆ ಹಬ್ಬುವ, ಅತಿ ಸಾಮಾನ್ಯ ಬಗೆಯ ಕ್ಯಾನ್ಸರ್ ಅನೇಕ ವೇಳೆ ಹೀಗೆಯೇ ಕಾಣುತ್ತದೆ. ಆದರೆ ಇದೊಂದನ್ನೇ ತೋರಿಸಿ 'ಕ್ಯಾನ್ಸರ್ ಹೀಗಿರುತ್ತದೆ' ಎಂದು ಬರೆಯುವುದು ಸರಿಯಲ್ಲ. ಎಕ್ಸ್-ಕಿರಣಗಳ ಪಾಠ ಮಾಡುವಾಗ ನಾನೂ ವರ್ಷಗಟ್ಟಲೆ ಇದೊಂದೇ ಚಿತ್ರ ತೋರಿಸಿದ್ದೇನೆ. ಈ ಟೀಕೆ ನನಗೂ ಸೇರಿದ್ದು. ಬರ್ಲಿನ್‌ನ ಶಸ್ತ್ರವೈದ್ಯ ಆಲ್ಬರ್ಟ್ ಸಾಲೋಮನ್ 1913ರಲ್ಲೇ, ಶಸ್ತ್ರಕ್ರಿಯೆಯಲ್ಲಿ ತೆಗೆದ ಸುಮಾರು 3000 ಸ್ತನಗಳ ಅಧ್ಯಯನದಲ್ಲಿ, ಕ್ಯಾನ್ಸರಿನ ರೂಪ ಒಂದೇ ಅಲ್ಲವೆಂದು ಗುರುತಿಸಿದ್ದ.

ಇದರ ಹಿಂದಿನ ಭೌತವಿಜ್ಞಾನ ನೋಡಿ. ಮ್ಯಾಮೊಗ್ರಫಿಯಲ್ಲಿ ಬಳಸುವುದು ಸುಮಾರು 25ರಿಂದ 35 ಕಿಲೋವೋಲ್ಟ್‌ನಲ್ಲಿ ಹುಟ್ಟುವ ಮೃದು ಎಕ್ಸ್-ಕಿರಣ. ಈ ಶಕ್ತಿಯಲ್ಲಿ ದ್ಯುತಿವಿದ್ಯುತ್ ಹೀರಿಕೆ ಪರಮಾಣು ಸಂಖ್ಯೆಯ ಘನದಂತೆ ಏರುತ್ತದೆ. ಕ್ಯಾಲ್ಸಿಯಂನ ಪರಮಾಣು ಸಂಖ್ಯೆ 20. ಮೃದು ಅಂಗಾಂಶದ್ದು ಸರಾಸರಿ 7ರಿಂದ 8. ಆದ್ದರಿಂದಲೇ ನಾಳದೊಳಗೇ ಉಳಿದಿರುವ ಆರಂಭದ ಕ್ಯಾನ್ಸರ್, ಕೈಗೆ ಗಂಟು ಸಿಗದಿದ್ದರೂ, ಅರ್ಧ ಮಿಲಿಮೀಟರಿಗಿಂತ ಚಿಕ್ಕ ಸುಣ್ಣದ ಕಣಗಳ ಗುಂಪಾಗಿ ಕಾಣಿಸಿಕೊಳ್ಳುತ್ತದೆ. ಮ್ಯಾಮೊಗ್ರಾಮ್‌ನ ನಿಜವಾದ ಬಲ ಇಲ್ಲಿದೆ. (ಇಂಥ ಕಣಗಳೆಲ್ಲ ಕ್ಯಾನ್ಸರ್ ಅಲ್ಲ, ಗಾಬರಿ ಬೇಡ.)

ಅದರ ದೌರ್ಬಲ್ಯ ತಿಳಿಯಲು ಲೋಬ್ಯುಲಾರ್ ಎಂಬ ಬಗೆಯನ್ನು ನೋಡಬೇಕು. ಸ್ತನ ಕ್ಯಾನ್ಸರುಗಳಲ್ಲಿ ಇದರ ಪಾಲು ಶೇ. 10ರಿಂದ 15. ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸುವ ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನ್ ಇದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೋಶಗಳು ಗುಂಪುಗೂಡದೆ, ಇರುವೆ ಸಾಲಿನಂತೆ ಒಂದರ ಹಿಂದೊಂದು ನುಸುಳುತ್ತವೆ. ಕಿರಣವನ್ನು ತಡೆಯುವಷ್ಟು ದಟ್ಟಣೆ ಅನೇಕ ವೇಳೆ ಎಲ್ಲಿಯೂ ಆಗದು. ಕಂಡರೆ ಅಂಗಾಂಶದ ಎಳೆಗಳಲ್ಲಿ ಸ್ವಲ್ಪ ಸೊಟ್ಟ; ಕೆಲವೊಮ್ಮೆ ಏನೂ ಇಲ್ಲ.

ಮ್ಯೂಸಿನಸ್ ಕ್ಯಾನ್ಸರ್ ಮತ್ತು ಕೆಲವು 'ಟ್ರಿಪಲ್ ನೆಗೆಟಿವ್' ಕ್ಯಾನ್ಸರುಗಳು ಇನ್ನೊಂದು ರೀತಿಯಲ್ಲಿ ಮೋಸ ಮಾಡುತ್ತವೆ: ದುಂಡಗೆ, ನುಣುಪು ಅಂಚಿನೊಂದಿಗೆ, ನಿರಪಾಯಕಾರಿ ಗಂಟಿನಂತೆಯೇ ಕಾಣಬಲ್ಲವು. ಉರಿಯೂತದ ಬಗೆಯಲ್ಲಿ ಗಂಟಿಗಿಂತ ಚರ್ಮದ ದಪ್ಪವೇ ಎದ್ದು ಕಾಣುವುದುಂಟು.

ಗ್ರಂಥಿ ದಟ್ಟವಾಗಿರುವ ಸ್ತನದಲ್ಲಂತೂ ಕಷ್ಟ ಇಮ್ಮಡಿ. ಗ್ರಂಥಿಯೂ ಕ್ಯಾನ್ಸರ್ ಗಂಟೂ ಕಿರಣವನ್ನು ಹೆಚ್ಚುಕಡಿಮೆ ಸಮನಾಗಿ ತಡೆಯುತ್ತವೆ. ಮೊಸರನ್ನದಲ್ಲಿ ಕಾಯಿತುರಿ ಹುಡುಕಿದಂತೆ!

ಹೀಗಿರುವಾಗ 'ಮ್ಯಾಮೊಗ್ರಾಮ್ ಸರಿಯಿದ್ದರೆ ನಿಶ್ಚಿಂತೆ' ಎಂಬ ವಾಕ್ಯವನ್ನು ಕರಪತ್ರದವರು ಮೊದಲು ಅಳಿಸಬೇಕು. ಕೈಗೆ ಗಂಟು ಅಥವಾ ಗಡಸು ತಾಗುತ್ತಿದ್ದರೆ, ತೊಟ್ಟು ಹೊಸದಾಗಿ ಒಳಸರಿದಿದ್ದರೆ, ವರದಿ ಏನೇ ಹೇಳಲಿ, ಮತ್ತೆ ವೈದ್ಯರ ಬಳಿ ಹೋಗಿ ಅಲ್ಟ್ರಾಸೌಂಡ್, ಅಗತ್ಯಬಿದ್ದರೆ ಬಯಾಪ್ಸಿ ಮಾಡಿಸಬೇಕೆಂದು ಆ ಜಾಗದಲ್ಲಿ ಅಚ್ಚುಹಾಕಲಿ.