ನಡೆಯದೆ ಹೋದ ಕದನಗಳು

ಯುದ್ಧದ ಇತಿಹಾಸ ಓದುವ ಚಟ ಹತ್ತಿದವರಿಗೆ ಮೊದಲು ಅಂಟುವುದು ಪಟ್ಟಿ ಮಾಡುವ ರೋಗ. ಜಗತ್ತಿನ ಹತ್ತು ಮಹಾಕದನಗಳು, ಐದು ನಿರ್ಣಾಯಕ ತಿರುವುಗಳು ಅಂತ ಬರೆದಿಟ್ಟುಕೊಂಡು ಗೆಳೆಯರ ಜೊತೆ ವಾದಕ್ಕೆ ಕೂರುತ್ತೇವೆ. ತೊಂದರೆ ಏನೆಂದರೆ, ಸದ್ದು ಜೋರಾಗಿ ಮಾಡಿದ ಕದನಗಳೇ ಈ ಪಟ್ಟಿಗಳ ತಲೆಯಲ್ಲಿ ಕೂರುತ್ತವೆ. ನಾನು ಇಟ್ಟುಕೊಂಡಿರುವ ಅಳತೆಗೋಲು ಒಂದೇ: ಆ ದಿನದವರೆಗೆ ಎದುರಾಳಿಗೆ ತೆರೆದಿದ್ದ ಯಾವ ದಾರಿ ಮರುದಿನ ಮುಚ್ಚಿತು? ಯಾವುದೂ ಮುಚ್ಚದಿದ್ದರೆ ಅದನ್ನು ದೊಡ್ಡ ಕದನ ಎನ್ನೋಣ, ತಿರುವು ಎನ್ನುವುದು ಬೇಡ.

ಈ ಗೋಲನ್ನು ಪರೀಕ್ಷಿಸಲು ಇಟಗಿಯ ಸುತ್ತಲ ಸೀಮೆಯೇ ಸಾಕು. ಭೀಮಾಂಬಿಕೆಯ ಈ ಊರಿನಿಂದ ಪೂರ್ವಕ್ಕೆ ಹೋದರೆ ಗಜೇಂದ್ರಗಡ, ಪಶ್ಚಿಮಕ್ಕೆ ರೋಣ ದಾಟಿದರೆ ನರಗುಂದ. ನರಗುಂದ ಎಂದ ಕೂಡಲೇ ನಮಗೆ 1858ರ ಬಾಬಾಸಾಹೇಬರ ಬಂಡಾಯ ನೆನಪಾಗುತ್ತದೆ. ಆದರೆ 1785ರಲ್ಲಿ ಅದೇ ಗುಡ್ಡಕ್ಕೆ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿತ್ತು. ಆ ಮುತ್ತಿಗೆಯ ಬೇರು ಹುಡುಕುತ್ತ ಹೋದರೆ ಅಮೆರಿಕದ ಕಾಡುಗಳವರೆಗೂ ಹೋಗಬೇಕಾಗುತ್ತದೆ.

1777ರಲ್ಲಿ ಸಾರಟೋಗಾದಲ್ಲಿ ಒಂದು ಬ್ರಿಟಿಷ್ ಸೈನ್ಯ ಅಮೆರಿಕನ್ನರಿಗೆ ಶರಣಾಯಿತು. ಅದನ್ನು ಕಂಡು ಫ್ರಾನ್ಸ್ 1778ರಲ್ಲಿ ಯುದ್ಧಕ್ಕಿಳಿಯಿತು. ಆ ಬೆಂಕಿ ಅದೇ ವರ್ಷ ಪಾಂಡಿಚೇರಿಯನ್ನೂ 1779ರ ಮಾರ್ಚಿನಲ್ಲಿ ಮಾಹೆಯನ್ನೂ ಮುಟ್ಟಿತು. ಮಾಹೆ ಸಣ್ಣ ಬಂದರು, ಆದರೆ ಹೈದರಾಲಿಗೆ ಫ್ರೆಂಚರ ಮದ್ದುಗುಂಡು ಇಳಿಯುತ್ತಿದ್ದದ್ದು ಅಲ್ಲೇ. ಇಂಗ್ಲಿಷರು ಅದನ್ನು ಕಿತ್ತುಕೊಂಡ ಮರುವರ್ಷ ಹೈದರ್ ಘಟ್ಟ ಇಳಿದ.

1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಇಂಗ್ಲಿಷ್ ಕರ್ನಲ್ ಬೇಲಿಯ 3,800ರಷ್ಟು ಜನರ ತುಕಡಿ ಪುಡಿಯಾಯಿತು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯಲ್ಲಿ ಆ ಚಿತ್ರವಿದೆ. ನೋಡುವಾಗ ಆನೆ ಕುದುರೆಗಳ ಸಾಲಿನಲ್ಲಿ ಕಣ್ಣು ಕಳೆದುಹೋಗದಿರಲಿ. ಚೌಕಾಕಾರದಲ್ಲಿ ನಿಂತ ಕೆಂಪಂಗಿಗಳ ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಬಾಯಿಗೆ ಬೆರಳಿಟ್ಟು ಕೂತಿದ್ದಾನೆ. ಮದ್ದಿನ ಬಂಡಿ ಸಿಡಿದು ಹೊಗೆ ಏಳುತ್ತಿದೆ. ಅಂದಿನ ಕದನದ ಗತಿಯನ್ನು ನಿರ್ಧರಿಸಿದ್ದು ಆ ಸ್ಫೋಟವೇ. ಸುದ್ದಿ ತಿಳಿದ ಇಂಗ್ಲಿಷ್ ಸೇನಾಪತಿ ಮನ್ರೋ ಭಾರದ ತೋಪುಗಳನ್ನು ಕಾಂಚೀಪುರದ ಕೆರೆಗೆ ತಳ್ಳಿ ಮದ್ರಾಸಿಗೆ ಓಡಿದ.

ಆದರೂ ನನ್ನ ಲೆಕ್ಕದಲ್ಲಿ ಪೊಳ್ಳಿಲೂರು ತಿರುವಲ್ಲ. ಇಂಗ್ಲಿಷರಿಗೆ ಸಮುದ್ರದ ದಾರಿ ತೆರೆದೇ ಇತ್ತು. ಎರಡು ತಿಂಗಳೊಳಗೆ ಅವರ ಸೇನಾಪತಿ ಐರ್ ಕೂಟ್ ಕಲ್ಕತ್ತೆಯಿಂದ ಹಡಗಿನಲ್ಲಿ ಬಂದು ಇಳಿದ.

ತಿರುವು ಆಗಬಹುದಾಗಿದ್ದದ್ದು 1781ರ ಫೆಬ್ರವರಿಯಲ್ಲಿ, ಒಂದು ಗುಂಡೂ ಹಾರದ ಕಡೆ. ಕೂಟನ ಸೈನ್ಯ ಕಡಲೂರಿನ ಬಳಿ ಹಸಿದು ಕೂತಿತ್ತು. ಸುತ್ತಲ ನೆಲ ಹೈದರನ ಕೈಯಲ್ಲಿ, ಅಕ್ಕಿ ಬರಬೇಕಾದದ್ದು ಕಡಲಿನಿಂದ. ಅದೇ ಹೊತ್ತಿಗೆ ಫ್ರೆಂಚ್ ನೌಕಾಪಡೆ ಎದುರಿಗೆ ಬಂದು ನಿಂತಿತು. ಇಂಗ್ಲಿಷ್ ಯುದ್ಧನೌಕೆಗಳು ಹತ್ತಿರದಲ್ಲಿರಲಿಲ್ಲ. ನಿಲ್ಲು ಎಂದು ಹೈದರ್ ಬೇಡಿಕೊಂಡ. ದಳಪತಿ ದೋರ್ವ್ ಹಾಯಿ ತಿರುಗಿಸಿ ಮಾರಿಷಸ್ಸಿಗೆ ಹೊರಟುಹೋದ. ಜುಲೈ 1ರಂದು ಪೋರ್ಟೊ ನೋವೊದಲ್ಲಿ ಅದೇ ಕೂಟ್ ಹೈದರನನ್ನು ಸೋಲಿಸಿದ.

ಮರುವರ್ಷ ಬಂದ ಫ್ರೆಂಚ್ ನೌಕಾದಳಪತಿ ಸುಫ್ರೆನ್ ಬೇರೆ ಧಾತುವಿನ ಮನುಷ್ಯ. ಇಂಗ್ಲಿಷ್ ನೌಕಾದಳಪತಿ ಹ್ಯೂಸನ ಜೊತೆ ಐದು ಸಲ ಕಾದಿದ. ಐದನೆಯದು ಕಡಲೂರಿನ ಎದುರು, 1783ರ ಜೂನ್ 20ರಂದು. ಯುರೋಪಿನಲ್ಲಿ ಶಾಂತಿಯ ಕರಡಿಗೆ ಜನವರಿ 20ರಂದೇ ಸಹಿ ಬಿದ್ದಿತ್ತು! ಸುದ್ದಿ ಕಡಲೂರು ಮುಟ್ಟುವಷ್ಟರಲ್ಲಿ ಜೂನ್ ಮುಗಿಯುತ್ತ ಬಂದಿತ್ತು. ಸುದ್ದಿ ಬಂದದ್ದೇ ತಡ, ಮಂಗಳೂರಿನ ಮುತ್ತಿಗೆಯಲ್ಲಿ, ಹೈದರನ ನಂತರ ಬಂದ ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ಸೈನಿಕರೂ ಕೈಬಿಟ್ಟರು. ಅತ್ತ ಫಿಲಡೆಲ್ಫಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರಾಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ಒಂದು ಬ್ರಿಟಿಷ್ ಹಡಗನ್ನು ಹಿಡಿಯಿತು. ಹೆಸರು ಅಮೆರಿಕ ಮುಟ್ಟಿತ್ತು, ಇಲ್ಲಿಗೆ ಬೇಕಾಗಿದ್ದ ಸಹಾಯ ಮಾತ್ರ ಅರ್ಧದಾರಿಯಲ್ಲೇ ಹಿಂದಿರುಗಿತು.

1784ರ ಮಂಗಳೂರು ಒಪ್ಪಂದದಿಂದ ಇಂಗ್ಲಿಷರ ಜೊತೆಗಿನ ಲೆಕ್ಕ ತಾತ್ಕಾಲಿಕವಾಗಿ ಮುಗಿಯಿತು. ಇಂಗ್ಲಿಷರ ಮೇಲಿನ ಸಿಟ್ಟಿಗೆ ಹೈದರನ ಜೊತೆ ಕೈಜೋಡಿಸಿದ್ದಾಗ ಮರಾಠರು ಕೃಷ್ಣೆಯ ದಕ್ಷಿಣದ ಸೀಮೆಯನ್ನು ಅವನದೆಂದು ಒಪ್ಪಿಕೊಂಡಿದ್ದರು. ಈಗ ಆ ಲೆಕ್ಕ ಹೊರಬಂತು. ನರಗುಂದದ ಒಡೆಯ ವೆಂಕಟರಾವ್ ಭಾವೆಯಿಂದ ಟಿಪ್ಪು ಹೆಚ್ಚಿನ ಕಪ್ಪ ಕೇಳಿದ. ಭಾವೆ ಮರಾಠರ ಪುಣೆಯ ಕಡೆ ನೋಡಿದ. 1785ರಲ್ಲಿ ಕೋಟೆ ಬಿತ್ತು, ಭಾವೆ ಸೆರೆಯಾದ.

1786ರ ಮೇನಲ್ಲಿ ಮರಾಠರು, ನಿಜಾಮನ ಪಡೆಯವರು ಸೇರಿ ಬಾದಾಮಿ ಹಿಡಿದರು. ಆಮೇಲೆ ಮರಾಠರ ಸೇನಾಪತಿ ಹರಿಪಂತ ಫಡಕೆ ಗಜೇಂದ್ರಗಡ ತೆಗೆದುಕೊಂಡ. ತುಂಗಭದ್ರೆ ತುಂಬಿ ಹರಿಯುತ್ತಿದೆ, ಇನ್ನು ಟಿಪ್ಪು ದಾಟಲಾರ ಎಂದು ಮರಾಠರು ನೆಮ್ಮದಿಯಲ್ಲಿದ್ದರು. ಅವನು ಹರಿಗೋಲು, ತೆಪ್ಪಗಳಲ್ಲಿ ಸೈನ್ಯವನ್ನೇ ದಾಟಿಸಿಬಿಟ್ಟ. ಹೀಗೆ ಮೇಲುಗೈ ಪಡೆದವನು 1787ರಲ್ಲಿ ಗಜೇಂದ್ರಗಡದ ಒಪ್ಪಂದಕ್ಕೆ ಬಂದು ಬಾದಾಮಿ, ನರಗುಂದ, ಕಿತ್ತೂರುಗಳನ್ನು ಮರಾಠರಿಗೂ ಆದವಾನಿಯನ್ನು ನಿಜಾಮನಿಗೂ ಬಿಟ್ಟುಕೊಟ್ಟ. ಬೆನ್ನ ಹಿಂದೆ ಇಂಗ್ಲಿಷರ ಭಯವಿತ್ತು. ಅಮೆರಿಕದ ಯಾರ್ಕ್‌ಟೌನಿನಲ್ಲಿ ಶರಣಾಗಿದ್ದ ಅದೇ ಕಾರ್ನ್‌ವಾಲಿಸ್ 1786ರ ಸೆಪ್ಟೆಂಬರಿನಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿದ್ದ.

ಈಗ ಗಜೇಂದ್ರಗಡಕ್ಕೆ ನನ್ನ ಅಳತೆಗೋಲು ಹಿಡಿಯುತ್ತೇನೆ. ಆ ಒಪ್ಪಂದ ಯಾವ ದಾರಿಯನ್ನೂ ಮುಚ್ಚಲಿಲ್ಲ. ಪುಣೆ, ಹೈದರಾಬಾದು, ಶ್ರೀರಂಗಪಟ್ಟಣ ಮೂವರೂ ಒಟ್ಟಾಗಿ ಇಂಗ್ಲಿಷರನ್ನು ಎದುರಿಸುವ ಬಾಗಿಲು ಅಂದು ತೆರೆದಿತ್ತು. ಮೂವರೂ ಕೋಟೆಗಳನ್ನು ಹಂಚಿಕೊಂಡು ಎದ್ದರು, ಬಾಗಿಲ ಕಡೆ ಹೋಗಲಿಲ್ಲ. 1790ರಲ್ಲಿ ಮರಾಠರೂ ನಿಜಾಮನೂ ಕಾರ್ನ್‌ವಾಲಿಸನ ಪಕ್ಕ ನಿಂತರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯ ಕಳೆದುಕೊಂಡ.

ಹಾಗಾಗಿ ಪಟ್ಟಿ ಮಾಡಲೇಬೇಕು ಎನ್ನುವವರು ಎರಡು ಪಟ್ಟಿ ಮಾಡಿ. ಗೆದ್ದ ಕದನಗಳ ಪಟ್ಟಿಯಲ್ಲಿ ಪೊಳ್ಳಿಲೂರು ಮೇಲಿರಲಿ. ಕೈತಪ್ಪಿದ ತಿರುವುಗಳ ಪಟ್ಟಿಯಲ್ಲಿ ದೋರ್ವ್ ಹೊರಟುಹೋದ ಕಡಲೂರನ್ನು ಮೊದಲು ಬರೆದು, ಅದರ ಕೆಳಗೆ ಗಜೇಂದ್ರಗಡ ಬರೆಯಿರಿ. ಚರಿತ್ರೆಯ ರುಚಿ ಬಲ್ಲವರಿಗೆ ಎರಡನೆಯ ಪಟ್ಟಿಯೇ ಹೆಚ್ಚು ಪಾಠ ಹೇಳುತ್ತದೆ.