ಹೆಜ್ಜೇನು ಸವಿಯುವವರಿಗೊಂದು ಕೈಪಿಡಿ

ಗುಂಡ್ಲುಪೇಟೆ ದಾಟಿ ಊಟಿಯ ದಾರಿ ಹಿಡಿದವರು ಜೇನು ಕೊಳ್ಳಲು ಕಾರು ನಿಲ್ಲಿಸಿದರೆ ಅಲ್ಲೊಂದು ಪರೀಕ್ಷೆ ನಡೆಯುತ್ತದೆ. ಹೆಬ್ಬೆರಳ ಉಗುರಿನ ಮೇಲೆ ಒಂದು ಹನಿ ಬಿಟ್ಟು ಅದು ಹರಿಯುತ್ತದೋ ನಿಲ್ಲುತ್ತದೋ ನೋಡುತ್ತಾರೆ. ಲೋಟದ ನೀರಿಗೆ ಸುರಿದು ಕರಗದೆ ತಳಕ್ಕಿಳಿಯಿತೇ ಎಂದು ಬಗ್ಗಿ ನೋಡುತ್ತಾರೆ. ಬೆಂಕಿಕಡ್ಡಿಯನ್ನು ಅದ್ದಿ ಗೀರುತ್ತಾರೆ. ಈ ಮೂರೂ ಅಳೆಯುವುದು ಒಂದನ್ನೇ: ಎದುರಿಗಿರುವ ದ್ರವ ಎಷ್ಟು ಮಂದವಾಗಿದೆ, ಅದರಲ್ಲಿ ನೀರು ಎಷ್ಟು ಕಡಿಮೆ ಇದೆ ಎಂಬುದನ್ನು. ಕಾರ್ಖಾನೆಯ ಸಕ್ಕರೆ ಪಾಕವನ್ನು ಬೇಕಾದಷ್ಟು ಮಂದ ಮಾಡಬಹುದು. ಅದು ಉಗುರಿನ ಮೇಲೆ ಅಲುಗದೆ ನಿಲ್ಲುತ್ತದೆ, ನೀರಿನಲ್ಲಿ ನೂಲಿನಂತೆ ಇಳಿಯುತ್ತದೆ, ಕಡ್ಡಿಯೂ ಹೊತ್ತಿಕೊಳ್ಳುತ್ತದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಅಲ್ಲಿನ ಬುಡಕಟ್ಟಿನವರಾದ ಸೋಲಿಗರು ಮರವೇರಿ ಇಳಿಸಿದ ಅಪ್ಪಟ ಹೆಜ್ಜೇನು ಮಾತ್ರ ಇದೇ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ ಅದು ಸ್ವಭಾವತಃ ತೆಳು. ಬಕೆಟ್ಟಿನಲ್ಲಿ ಎರಿಯ ತುಂಡು ತೇಲುತ್ತಿದ್ದರೆ ಅದೂ ಪುರಾವೆಯಲ್ಲ. ಖಾಲಿ ಎರಿಯ ಮೇಲೆ ಪಾಕ ಸುರಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹೀಗೆ ಸುಳ್ಳನ್ನು ಪಾಸು ಮಾಡಿ ನಿಜವನ್ನು ನಪಾಸು ಮಾಡುವ ಪರೀಕ್ಷೆಗಳನ್ನೇ ಜಾಣತನವೆಂದು ಮಕ್ಕಳಿಗೂ ಕಲಿಸುತ್ತಿದ್ದೇವೆ. ಜೇನಿನ ರುಚಿ ಕಲಿಯಬೇಕೆಂದಿರುವವರು ಮೊದಲು ಇವನ್ನು ಮರೆಯಬೇಕು.

ಸೋಲಿಗರು ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ ಎಂದು ನಾಲ್ಕು ಬಗೆಯ ಜೇನನ್ನು ಗುರುತಿಸುತ್ತಾರೆ. ತುಡುವೆಯನ್ನು ಪೆಟ್ಟಿಗೆಯಲ್ಲಿ ಸಾಕಬಹುದು. ಅದರ ವಿಚಾರ ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಕಡ್ಡಿಜೇನು ಸಿಗುವುದೇ ಬೊಗಸೆಯಷ್ಟು. ನೆಸರಿಯದು ಔಷಧಿಯ ಲೆಕ್ಕ, ಹುಳಿಯೊಗರಿನ ರುಚಿ. ನಾನಿಲ್ಲಿ ಹೇಳಹೊರಟಿರುವುದು ಹೆಜ್ಜೇನಿನ ಬಗ್ಗೆ. ಅದು ಪೆಟ್ಟಿಗೆಗೆ ಒಗ್ಗುವ ಹುಳುವಲ್ಲ. ಎತ್ತರದ ಕೊಂಬೆಗೋ ಬಂಡೆಯ ಚಾಚಿಗೋ ಒಂದೇ ಎರಿ ಕಟ್ಟಿ, ಹೂವಿನ ಕಾಲ ಮುಗಿದರೆ ಬಿಟ್ಟು ಹೋಗುತ್ತದೆ. ಕೊಂಬೆಗೆ ಅಂಟಿದ ಮೇಲಿನ ದಪ್ಪ ಭಾಗದಲ್ಲಿ ತುಪ್ಪ, ಕೆಳಗೆ ಮರಿಗಳು. ಏಪ್ರಿಲಿನಿಂದ ಜೂನ್‌ವರೆಗೆ, ಮುಂಗಾರು ಕೂರುವ ಮೊದಲು, ಇಳಿಸುವ ಕಾಲ. ಈ ಜೇನಿನ ರುಚಿಯನ್ನು ಕಾಡಿನ ಹೂವು ಕೊಡುತ್ತದೆ ಎನ್ನುವುದು ಅರ್ಧ ಸತ್ಯ. ಹೂವು ಕೊಟ್ಟದ್ದು ನಮ್ಮ ನಾಲಿಗೆಗೆ ತಲುಪುತ್ತದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಎರಿ ಕೆಳಗಿಳಿದ ಮೇಲೆ, ಸೋಸುವ ಬಟ್ಟೆಯಲ್ಲಿ, ಡ್ರಮ್ಮಿನಲ್ಲಿ, ಗೋದಾಮಿನಲ್ಲಿ. ಅಲ್ಲಿ ನೀರು ಎಷ್ಟಿದೆ, ಎಷ್ಟು ಸೇರಿತು ಎಂಬುದೇ ಮುಖ್ಯ ಸಂಗತಿ. ಕಾಡಿನ ಚಿತ್ರ ಹಾಕಿದ ಲೇಬಲ್ಲು ಇದನ್ನು ಹೇಳುವುದೇ ಇಲ್ಲ.

ಹೂವಿನ ಮಕರಂದದಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಹುಳುಗಳು ಅದನ್ನು ಬಾಯಿಂದ ಬಾಯಿಗೆ ದಾಟಿಸಿ, ರೆಕ್ಕೆ ಬೀಸಿ ಆರಿಸಿ, ಹದಕ್ಕೆ ಬಂದ ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಮುಚ್ಚಳ ಬಿತ್ತೆಂದರೆ ಮಾಗಿತು ಎಂದರ್ಥ. ಪೆಟ್ಟಿಗೆಯ ಯುರೋಪಿನ ಜೇನಿನಲ್ಲಿ ಮುಚ್ಚಿದ ತುಪ್ಪದ ನೀರು ನೂರಕ್ಕೆ 17–18ಕ್ಕೆ ಇಳಿಯುತ್ತದೆ. ಹೆಜ್ಜೇನಿನದು ಬಯಲ ಎರಿ. ಹೊರಗಿನ ಗಾಳಿಯ ತೇವಕ್ಕೆ ಅದು ನೇರವಾಗಿ ತೆರೆದಿದೆ. ನಮ್ಮ ದಕ್ಷಿಣದ ಕಾಡುಗಳಲ್ಲಿ ಅದರ ನೀರು ಸಾಮಾನ್ಯವಾಗಿ 20ರಿಂದ 25ರ ನಡುವೆ ಇರುತ್ತದೆ. ಇದು ಕಲಬೆರಕೆಯಲ್ಲ, ಜಾತಿಯ ಗುಣ. ಆದರೆ ಈ ಗುಣದ ಮೇಲೆ ಮನುಷ್ಯನ ಅವಸರವೂ ಸೇರಿಕೊಂಡಾಗ ಜೇನು ಕೆಡುತ್ತದೆ. ಮುಚ್ಚಳ ಬೀಳುವ ಮುನ್ನವೇ ಎರಿ ಕೊಯ್ದರೆ ಹಸಿ ಮಕರಂದವೂ ಜೊತೆಗೆ ಬರುತ್ತದೆ. ರೋಹಿಣಿ ಮಳೆ ಹುಯ್ದ ಮರುದಿನ ಕೊಯ್ದರೆ ತೇವವೂ ಬರುತ್ತದೆ.

ಸೋಸುವಾಗ ಆಗುವ ವ್ಯತ್ಯಾಸವನ್ನು ಹತ್ತಿರದಿಂದ ನೋಡಬೇಕು. ತುಪ್ಪದ ಭಾಗವನ್ನಷ್ಟೇ ಬೇರೆ ಕತ್ತರಿಸಿ, ಮುಚ್ಚಳವನ್ನು ಚೂರಿಯಿಂದ ಸವರಿ ತೆಗೆದು, ಒಣಗಿದ ಬಿಳಿ ಬಟ್ಟೆಯ ಮೇಲಿಟ್ಟರೆ ಜೇನು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಇದಕ್ಕೆ ಹೊತ್ತು ಬೇಕು, ಕೆಳಗೆ ಬೀಳುವುದು ತಿಳಿಯಾಗಿರುತ್ತದೆ. ಅದೇ ಎರಿಯನ್ನು ಇಡಿಯಾಗಿ ಕೈಯಲ್ಲಿ ಹಿಂಡಿದರೆ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಆದರೆ ಮರಿಹುಳುಗಳ ಹಾಲಿನಂಥ ರಸ, ಪರಾಗದ ಗಂಟು, ಕೈಯ ಬೆವರು, ತೊಳೆದು ಒರೆಸದ ಪಾತ್ರೆಯ ನೀರು ಎಲ್ಲವೂ ಒಳಗೆ. ಆ ಜೇನು ಮಸುಕಾಗಿ, ಮೇಲೆ ಹಳದಿ ಕೆನೆ ಕಟ್ಟಿಕೊಂಡು ಕೂರುತ್ತದೆ. ರುಚಿಯಲ್ಲೂ ಇದು ತಿಳಿಯುತ್ತದೆ: ಇಳಿಸಿದ ಜೇನಿನಲ್ಲಿ ಹೂವಿನ ಗಂಧ ಮೊದಲು ಬಂದು ಸಿಹಿ ಆಮೇಲೆ ಬರುತ್ತದೆ, ಹಿಂಡಿದ್ದರಲ್ಲಿ ಸಿಹಿಯ ಹಿಂದೆಯೇ ಹಸಿ ಹಿಟ್ಟಿನಂಥ, ಗಂಟಲು ಹಿಡಿಯುವ ವಾಸನೆ. ಒಂದೇ ಮರದ ಎರಡು ಎರಿಗಳು ಎರಡು ಕೈಗಳಲ್ಲಿ ಎರಡು ಜೇನಾಗುತ್ತವೆ. ಇಷ್ಟಾದ ಮೇಲೂ ಊರಿನ ಹೆಸರು ಕೇಳಿ ಜೇನಿಗೆ ಬೆಲೆ ಕಟ್ಟುವವರಿಗೆ ಏನು ಹೇಳುವುದು?

ಡ್ರಮ್ಮಿಗೆ ಹೋದ ಮೇಲಿನ ಕಥೆ ಇನ್ನೂ ಮುಖ್ಯ. ಸಕ್ಕರೆಯ ಗಾಢತೆಯನ್ನು ತಾಳಿಕೊಳ್ಳುವ ಯೀಸ್ಟುಗಳು ಹೂವಿನಿಂದಲೇ ಜೇನಿಗೆ ಬಂದಿರುತ್ತವೆ. ನೀರು ನೂರಕ್ಕೆ 17ರ ಆಸುಪಾಸಿನಲ್ಲಿದ್ದರೆ ಅವು ತಲೆಯೆತ್ತುವುದಿಲ್ಲ. 20 ದಾಟಿತೆಂದರೆ ಹುದುಗುವ ಅಪಾಯ ಯಾವಾಗಲೂ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮ ಮಾರಾಟದ ಜೇನಿಗೆ ಹಾಕಿರುವ ಮಿತಿಯೂ 20. ಅಂದರೆ ಹೆಜ್ಜೇನು ಡಬ್ಬದೊಳಗೆ ಹೋಗುವುದೇ ಗೆರೆಯ ಆಚೆ ನಿಂತು. ಸಾಲದ್ದಕ್ಕೆ ಜೇನು ಗಾಳಿಯ ತೇವವನ್ನೂ ಹೀರುತ್ತದೆ. ಬೆಟ್ಟದಲ್ಲಿ ಮಳೆಗಾಲದ ಗಾಳಿಗೆ ಮುಚ್ಚಳ ತೆಗೆದಿಟ್ಟ ಡ್ರಮ್ಮಿನ ಮೇಲ್ಪದರ ದಿನದಿನಕ್ಕೂ ತೆಳ್ಳಗಾಗುತ್ತದೆ, ಹುದುಗು ಶುರುವಾಗುವುದು ಅಲ್ಲಿಂದಲೇ. ಮೊದಲು ಸಣ್ಣ ಗುಳ್ಳೆ, ಆಮೇಲೆ ಹೆಂಡದ ವಾಸನೆ, ಕೊನೆಗೆ ಹುಳಿ. ನೊರೆ ಕಂಡ ಮಾತ್ರಕ್ಕೆ ಕೆಟ್ಟಿತೆಂದು ಹೇಳಬೇಡಿ. ಸುರಿಯುವಾಗ ಸೇರಿದ ಗಾಳಿ ಮೇಣದ ಪುಡಿಯೊಂದಿಗೆ ಮೇಲೆ ಬರುತ್ತದೆ. ಒಮ್ಮೆ ತೆಗೆದರೆ ಅದು ಮತ್ತೆ ಬರುವುದಿಲ್ಲ. ತೆಗೆದ ಮೇಲೂ ಏರುವ ನೊರೆ, ಉಬ್ಬಿದ ಮುಚ್ಚಳ, ತೆರೆದಾಗ ಸುಸ್ಸೆನ್ನುವ ಸದ್ದು ಕಂಡರೆ ಅನುಮಾನವೇ ಬೇಡ.

ಇಟ್ಟು ಕಾಪಾಡುವ ಕೈ ಎಷ್ಟು ಮುಖ್ಯ ಎಂಬುದಕ್ಕೆ ದೂರದ ಹೋಲಿಕೆಯೊಂದಿದೆ. ಇಂಗ್ಲೆಂಡಿನ ಹಳೆಯ ಬಗೆಯ ಬಿಯರು ಪಬ್ಬಿನ ಪೀಪಾಯಿಯೊಳಗೇ ತನ್ನ ಕೊನೆಯ ಹುದುಗು ಮುಗಿಸುತ್ತದೆ. ಅದನ್ನು 11ರಿಂದ 13 ಡಿಗ್ರಿಯ ನೆಲಮಾಳಿಗೆಯಲ್ಲಿಟ್ಟು, ಪೀಪಾಯಿಯ ಮೇಲಿನ ತೂತಿಗೆ ಮರದ ಬೆಣೆ ಬಡಿದು, ಒಳಗಿನ ಗಾಳಿ ಎಷ್ಟು ಹೊರಹೋಗಬೇಕು, ಯಾವತ್ತು ನಲ್ಲಿ ತಿರುಗಿಸಬೇಕು ಎಂದು ತೀರ್ಮಾನಿಸುವವನು ನೆಲಮಾಳಿಗೆಯ ಆಳು. ಅವನ ಕೈ ಕೆಟ್ಟರೆ ಎಂಥ ಒಳ್ಳೆಯ ಬಿಯರೂ ವಿನೆಗರ್. 1971ರಲ್ಲಿ ಅಲ್ಲಿಯ ಕುಡಿಯುವವರೇ ಕಾಮ್ರಾ ಎಂಬ ಸಂಘ ಕಟ್ಟಿಕೊಂಡು ಈ ಬಿಯರನ್ನು ಉಳಿಸಿಕೊಂಡರು. ಅವರು ಬಿಯರಿನ ಹೆಸರನ್ನಷ್ಟೇ ಕೇಳಲಿಲ್ಲ, ಇಟ್ಟ ಬಗೆಯನ್ನೂ ಕೇಳತೊಡಗಿದರು. ಅಲ್ಲಿ ಹುದುಗು ಬೇಕು, ಇಲ್ಲಿ ಬೇಡ. ಆದರೆ ಎರಡೂ ಕಡೆ ಪದಾರ್ಥ ಮಾಡಿದವನಷ್ಟೇ ಕಾಪಾಡಿದವನೂ ದೊಡ್ಡವನು. ಚಾಮರಾಜನಗರ ಜಿಲ್ಲೆಯ ಜೇನಿಗೆ ಇನ್ನೂ ಹಾಗೆ ಕೇಳುವವರು ಸಿಕ್ಕಿಲ್ಲ.

ಹರಳುಗಟ್ಟಿದ ಜೇನಿಗೆ ನಾವು ಮಾಡುವ ಅನ್ಯಾಯ ಬೇರೆಯೇ ಇದೆ. ತಳದಲ್ಲಿ ಬಿಳಿ ಹರಳು ಕಂಡರೆ ಸಕ್ಕರೆ ಹಾಕಿದ್ದಾರೆ ಎಂದು ಬಾಟಲಿ ವಾಪಸು ಮಾಡುತ್ತಾರೆ. ಗುಂಡ್ಲುಪೇಟೆಯ ಸೂರ್ಯಕಾಂತಿ ಹೊಲಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವವರೂ ಇವರೇ. ಸೂರ್ಯಕಾಂತಿಯ ಮಕರಂದದಲ್ಲಿ ಗ್ಲೂಕೋಸು ಜಾಸ್ತಿ. ಅದರ ಜೇನು ಕೆಲವೇ ವಾರಗಳಲ್ಲಿ ಬೆಣ್ಣೆಯಂತೆ ಗಟ್ಟಿಯಾಗುತ್ತದೆ, ಆಗದಿದ್ದರೆ ಅನುಮಾನಿಸಬೇಕು. ಕಾಡಿನ ಜೇನು ನಿಧಾನ, ಆದರೆ ಅದೂ ಹರಳುಗಟ್ಟಬಹುದು. ಇಲ್ಲಿಯೂ ನೀರಿನ ಲೆಕ್ಕವೇ. ಹರಳಾಗುವುದು ಗ್ಲೂಕೋಸು, ಅದು ತನ್ನೊಂದಿಗೆ ಕಟ್ಟಿಕೊಳ್ಳುವ ನೀರು ನೂರಕ್ಕೆ 9 ಮಾತ್ರ. ಮಿಕ್ಕ ನೀರೆಲ್ಲ ಮೇಲೆ ಉಳಿದ ದ್ರವಕ್ಕೆ ಸೇರಿ ಅದನ್ನು ತೆಳುವಾಗಿಸುತ್ತದೆ. ಹಾಗಾಗಿ ಅರ್ಧ ಹರಳುಗಟ್ಟಿದ ತೆಳು ಜೇನು ಬೇಗ ಹುಳಿಯುತ್ತದೆ. ಅಂಥ ಬಾಟಲಿಯನ್ನು ಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿ, 40 ಡಿಗ್ರಿ ಮೀರದಂತೆ ನೋಡಿಕೊಂಡು, ಕರಗಿದ ಮೇಲೆ ಕಲಕಿ, ಬೇಗ ತಿಂದು ಮುಗಿಸಬೇಕು. ವಾಪಸು ಮಾಡುವಂಥದ್ದೇನೂ ಅದರಲ್ಲಿಲ್ಲ.

ಇಷ್ಟೆಲ್ಲ ತಲೆನೋವು ಯಾಕೆ, ಕಾಯಿಸಿದರೆ ಯೀಸ್ಟು ಸಾಯುತ್ತದಲ್ಲ ಎನ್ನುವವರಿದ್ದಾರೆ. ಸಾಯುತ್ತದೆ; 63 ಡಿಗ್ರಿಯಲ್ಲಿ ಅರ್ಧ ಗಂಟೆ ಸಾಕು. ಆದರೆ ಆ ಹೊತ್ತಿಗೆ ಹೂವಿನ ಗಂಧ ಆವಿಯಾಗಿ ಹೋಗಿರುತ್ತದೆ, ಜೇನಿನ ಕಿಣ್ವಗಳು ಕುಂದಿರುತ್ತವೆ, ಬಣ್ಣ ಕಪ್ಪಾಗುತ್ತದೆ. ಉಳಿಯುವುದು ಬೆಲ್ಲದ ನೀರಿನ ವಾಸನೆಯ ಸಿಹಿ. ಪೇಟೆಯ ಬಾಟಲಿಗಳಲ್ಲಿ ವರ್ಷವಿಡೀ ಒಂದೇ ಬಣ್ಣ, ಒಂದೇ ರುಚಿ, ಎಂದೂ ಹರಳುಗಟ್ಟದ ಹೊಳಪು ಸಾಧ್ಯವಾಗುವುದು ಬೆರಕೆ, ಬಿಸಿ, ಸಣ್ಣ ಜಾಲರಿಯ ಸೋಸುವಿಕೆಯಿಂದಲೇ. ಬೆರಕೆ ಜೇನಿನೊಂದಿಗೆ ಜೇನಿನದೇ ಆದರೂ ಸರಿ. 2020ರ ಡಿಸೆಂಬರಿನಲ್ಲಿ ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರಾಂಡುಗಳನ್ನು ಕಲಬೆರಕೆಯ ಪರೀಕ್ಷೆಗೆ ಕಳಿಸಿದಾಗ ಎಲ್ಲ ಪರೀಕ್ಷೆಗಳನ್ನೂ ದಾಟಿದ್ದು 3 ಮಾತ್ರ. ಆ ಹೊಳಪನ್ನೇ ಶುದ್ಧಿ ಎಂದು ನಂಬಿದ್ದಕ್ಕೆ ನಾವು ತೆತ್ತ ಬೆಲೆ ಇದು.

ಇದಕ್ಕೆ ಎದುರಾದ ಇನ್ನೊಂದು ಮೂಢನಂಬಿಕೆ ಈಗ ಬೆಂಗಳೂರಿನಲ್ಲಿ ಬೆಳೆಯುತ್ತಿದೆ: ಉಕ್ಕುವ, ಹುಳಿಯಾದ ಜೇನೇ ಜೀವಂತ ಜೇನು, ಗುಳ್ಳೆಯೇ ಅದರ ಸಾಕ್ಷಿ ಎನ್ನುವುದು. ಕಾಡಿನಿಂದ ಬಂದದ್ದೆಲ್ಲ ಒಳ್ಳೆಯದೆಂಬ ಭಕ್ತಿಗೆ ನಾಲಿಗೆಯ ಅಗತ್ಯವಿಲ್ಲ. ಹುದುಗಿದ ಜೇನಿನಲ್ಲಿ ನೇರಳೆಯ ಸಣ್ಣ ಕಹಿಯೂ ಇಲ್ಲ, ಹೊನ್ನೆಯ ಗಂಧವೂ ಇಲ್ಲ. ಎಲ್ಲ ಹೂವಿಗೂ ಒಂದೇ ಹುಳಿ. ಕಾಯಿಸಿದವನು ಕೊಂದದ್ದನ್ನೇ ಕಾಯದೆ ಬಿಟ್ಟವನೂ ಕೊಂದ. ಇವೆರಡರ ನಡುವೆ ದಾರಿಯಿದೆ. ಮುಚ್ಚಳ ಬಿದ್ದ ಎರಿಯನ್ನಷ್ಟೇ ಕೊಯ್ದು, ಇಳಿಸಿ ಸೋಸಿ, 40 ಡಿಗ್ರಿಯೊಳಗಿನ ಒಣಗಾಳಿಯಲ್ಲಿ ನೀರು ತೆಗೆದು, ಕಂಠದವರೆಗೆ ತುಂಬಿದ ಒಣ ಡಬ್ಬದಲ್ಲಿ ಮುಚ್ಚಿಡುವುದು. ಹೆಜ್ಜೇನಿನ ಮಟ್ಟಿಗೆ ಇದೇ ನೆಲಮಾಳಿಗೆಯ ಕೆಲಸ.

ಬಡ ಸೋಲಿಗರಿಗೆ ಇಷ್ಟು ನೇಮ ಹೇಳುವುದು ಹೊಟ್ಟೆ ತುಂಬಿದವರ ಮಾತು ಎಂಬ ಆಕ್ಷೇಪವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ಅಭಯಾರಣ್ಯವಾಯಿತು. 2006ರಲ್ಲಿ ಜೇನೂ ಸೇರಿದ ಕಿರು ಅರಣ್ಯ ಉತ್ಪನ್ನಗಳ ಸಂಗ್ರಹವನ್ನೇ ನಿಲ್ಲಿಸಲಾಯಿತು. 2011ರಲ್ಲಿ ಹುಲಿ ಮೀಸಲು ಪ್ರದೇಶವೂ ಆಯಿತು, ಅದೇ ವರ್ಷ ಸಮುದಾಯ ಅರಣ್ಯ ಹಕ್ಕಿನ ಪತ್ರಗಳೂ ಸೋಲಿಗರ ಕೈಗೆ ಬಂದವು. ಇಷ್ಟು ಏರಿಳಿತ ಕಂಡವರಿಗೆ ಸಿಕ್ಕಿದಾಗ ಕೊಯ್ಯುವುದೇ ವಿವೇಕ ಎನ್ನಿಸಿದರೆ ತಪ್ಪು ಅವರದಲ್ಲ. ಎರಿ ಮಾಗಿದ್ದು ಯಾವಾಗ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೂ ತಿಳಿಯದು. ತಪ್ಪಿರುವುದು ಲೆಕ್ಕದಲ್ಲಿ. ನೂರಕ್ಕೆ 24 ನೀರಿರುವ 100 ಕೆ.ಜಿ. ಜೇನನ್ನು 20ಕ್ಕೆ ಇಳಿಸಿದರೆ ಉಳಿಯುವುದು 95 ಕೆ.ಜಿ. ಬರಿ ತೂಕಕ್ಕೆ ದುಡ್ಡು ಕೊಡುವ ಕಡೆ, ಮಾಗುವವರೆಗೆ ಕಾದವನಿಗೆ 5 ಕೆ.ಜಿ. ನಷ್ಟ, ಹಸಿಯಾಗಿ ಕೊಯ್ದವನಿಗೆ ಅಷ್ಟೇ ಲಾಭ. ಜೊತೆಗೆ ಕಾಯುವಷ್ಟರಲ್ಲಿ ಕರಡಿಯೋ ಇನ್ನೊಬ್ಬರೋ ಎರಿ ಇಳಿಸಿಬಿಡುವ ಅಪಾಯ ಬೇರೆ. ಒಂದು ಹನಿಯಲ್ಲಿ ನೀರಿನ ಪ್ರಮಾಣ ತೋರಿಸುವ ಕೈಯಳತೆಯ ರಿಫ್ರ್ಯಾಕ್ಟೋಮೀಟರು ದುಬಾರಿ ಯಂತ್ರವೇನಲ್ಲ. ಅದರ ಅಂಕಿಗೆ ತಕ್ಕಂತೆ ದರ ಕಟ್ಟಿ, ಒಣ ಜೇನಿಗೆ ಕಿಲೋಗೆ ಹೆಚ್ಚು ಕೊಟ್ಟರೆ ಉಪದೇಶ ಬೇಕಾಗುವುದಿಲ್ಲ. ಆ ಹೆಚ್ಚುವರಿ ದುಡ್ಡು ಬರಬೇಕಾದ್ದು ಕೊಳ್ಳುವವನ ಜೇಬಿನಿಂದ. ಅವನಿಗೆ ವ್ಯತ್ಯಾಸ ತಿಳಿಯದಿದ್ದರೆ ಬರುವುದಿಲ್ಲ.

ಇನ್ನು ಸವಿಯುವ ಬಗೆ. ಬಿಸಿನೀರು, ನಿಂಬೆರಸ ಬೇಡ. ಅವು ಜೇನನ್ನು ಮುಚ್ಚುತ್ತವೆ. ಒಣಗಿದ ಚಮಚದಲ್ಲಿ ಅರ್ಧದಷ್ಟು ತೆಗೆದುಕೊಂಡು ಮೊದಲು ಮೂಸಿ. ಮೇಣ, ಹೂವು, ಎರಿ ಇಳಿಸುವಾಗ ಹಿಡಿದ ಹೊಗೆಯ ಎಳೆ ಬಂದರೆ ಸರಿ. ಹೆಂಡದ ವಾಸನೆ ಬಂದರೆ ಅಲ್ಲಿಗೇ ನಿಲ್ಲಿಸಿ. ಆಮೇಲೆ ನಾಲಿಗೆಯ ಮೇಲೆ ಹರಡಿ, ನುಂಗಿದ ಮೇಲೂ ಕಾಯಿರಿ. ನೇರಳೆ ಹೆಚ್ಚಿದ್ದರೆ ಬಣ್ಣ ಗಾಢ, ಕೊನೆಯಲ್ಲಿ ತೆಳುವಾದ ಕಹಿ. ಬೇರೆ ಬೇರೆ ತಿಂಗಳಲ್ಲಿ ಇಳಿಸಿದ ಎರಡು ಜೇನನ್ನು ಪಕ್ಕಪಕ್ಕ ಇಟ್ಟು ತಿಂದರೆ ಒಂದು ಬಾಟಲಿ ಕಲಿಸದ್ದನ್ನು ಕಲಿಯಬಹುದು. ಮನೆಯಲ್ಲಿ ದೊಡ್ಡ ಬಾಟಲಿಯಿಂದ ದಿನಾ ತೆಗೆಯುವ ಬದಲು ಸಣ್ಣ ಗಾಜಿನ ಶೀಶೆಗಳಿಗೆ ಕಂಠದವರೆಗೆ ತುಂಬಿ ಹಂಚಿಡಿ, ಒದ್ದೆ ಚಮಚ ಒಳಗೆ ಹೋಗಬಾರದು. ಜೇನನ್ನು ಫ್ರಿಜ್ಜಿನಲ್ಲಿಡಬಾರದು ಎಂಬ ಮಾತು ಒಣ ಜೇನಿಗೆ ಸರಿ. ನೂರಕ್ಕೆ 22–23 ನೀರಿರುವ ಹೆಜ್ಜೇನಿಗೆ ಫ್ರಿಜ್ಜೇ ಕ್ಷೇಮ, ಏಕೆಂದರೆ 11 ಡಿಗ್ರಿಯ ಕೆಳಗೆ ಯೀಸ್ಟು ಬೆಳೆಯುವುದಿಲ್ಲ. ಹರಳು ಬೇಗ ಕಟ್ಟುವುದು 14ರ ಸುಮಾರಿಗೆ, ಆದ್ದರಿಂದ ಫ್ರಿಜ್ಜಿನ ಬಾಗಿಲಿನಲ್ಲಿಡದೆ ಒಳಗಿನ ತಂಪಿನ ಕಡೆ ಇಡಿ. ತಿನ್ನುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆದಿಟ್ಟರೆ ಗಂಧ ಬಿಚ್ಚಿಕೊಳ್ಳುತ್ತದೆ. ಮುಂದಿನ ಏಪ್ರಿಲಿನ ಹೊಸ ಎರಿ ಇಳಿಯುವಷ್ಟರಲ್ಲಿ ಶೀಶೆ ಖಾಲಿಯಾಗಿರಲಿ.