ಸೂರ್ಯನ ಹೂ, ಚಂದ್ರನ ಸಂತೆ

ಸುಗಂಧರಾಜದ ಗೆಡ್ಡೆ ಕೀಳುವ ಬಗ್ಗೆ ಈ ವಾರ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಮಾತು ಉಳಿಯುವಷ್ಟು ಬರೆದುಬಿಡುತ್ತೇನೆ: ಎಲೆ ಹಳದಿಗೆ ತಿರುಗಿದ ಮೇಲೆ ನೀರು ನಿಲ್ಲಿಸಿ, ಮಣ್ಣು ಒಣಗಲು ಬಿಟ್ಟು ಕೀಳಿ, ನೆರಳಲ್ಲಿ ಒಣಗಿಸಿ, ತೀರ ಸಣ್ಣ ಗೆಡ್ಡೆಗಳನ್ನು ಹೂವಿನ ಸಾಲಿಗೆ ಹಾಕಬೇಡಿ. ‘ಪ್ರಜ್ವಲ್’ ತಳಿಗೂ ಇದೇ ಮಾತು, ‘ಸುವಾಸಿನಿ’ಗೂ ಇದೇ ಮಾತು. ಮಿಕ್ಕ ಜಾಗ ನನಗೆ ಬೇರೆ ವಿಷಯಕ್ಕೆ ಬೇಕು. ಯುಗಾದಿಗೆ ತಂದ ಪಂಚಾಂಗವನ್ನು ಮೊನ್ನೆ ತಿರುವಿ ನೋಡಿದೆ. ಮೇ 17ರಿಂದ ಅಧಿಕ ಜ್ಯೇಷ್ಠ.

ದಂಟು ಸಮೇತ ಹೂ ಕೊಯ್ದು ಮಾರುವವರು ಅಧಿಕ ಮಾಸ ಎಂದೊಡನೆ 2023ನ್ನು ನೆನೆಸಿಕೊಳ್ಳುತ್ತಾರೆ. ಸರ್ಕಾರದ ಕಡತದಲ್ಲಿ ಅದು ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ಆಗಸ್ಟಿನಲ್ಲಿ ಮಖೆ ಮುಖ ತೋರಿಸಲಿಲ್ಲ. ಆದರೂ ನಮ್ಮಂಥ ಸಣ್ಣ ತೋಟಗಳಿಗೆ ಬರಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಅಧಿಕ ಶ್ರಾವಣ ಎಂದೇ ನಾನು ಹೇಳುವುದು. ಜೂನ್ 19ಕ್ಕೆ ಆಷಾಢ ಹಿಡಿಯಿತು. ಅದರ ಬೆನ್ನಿಗೇ ಅಧಿಕ ಮಾಸ ಬಂದು ಆಗಸ್ಟ್ 16ರವರೆಗೆ ಕೂತಿತು. ಸುಮಾರು ಎರಡು ತಿಂಗಳು ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಬಿಡಿ ಹೂ ಬೆಳೆದವರಿಗೆ ದೇವಸ್ಥಾನಗಳಾದರೂ ಇವೆ. ನಮ್ಮ ಹೂವಿಗೆ ಮದುವೆ ಮಂಟಪವೇ ದೇವರು.

ಇಲ್ಲಿ ಪಾಲಿಹೌಸ್ ಪಂಥದವರ ಹಳೆಯ ಬಾಕಿಯೊಂದನ್ನು ತೀರಿಸಬೇಕು. ಅವರ ಉಪದೇಶ ಎಲ್ಲರಿಗೂ ಬಾಯಿಪಾಠ: ಒಳಗೆ ಮಳೆಯಿಲ್ಲ, ಆಲಿಕಲ್ಲಿಲ್ಲ, ಬೇಸಿಗೆಯಿಲ್ಲ, ವರ್ಷವಿಡೀ ಒಂದೇ ಕಾಲ, ಸಾಲದ್ದಕ್ಕೆ ಅರ್ಧ ದುಡ್ಡು ಸಬ್ಸಿಡಿ. ಬಯಲಲ್ಲಿ ಆಸ್ಟರ್, ಸೇವಂತಿಗೆ ಹಾಕುವ ನಮ್ಮನ್ನು ಅವರು ಕನಿಕರದಿಂದ ನೋಡುತ್ತಿದ್ದರು. ಅವರು ಹೇಳಿದ್ದು ಸುಳ್ಳಲ್ಲ. ಗುಲಾಬಿಯ ಕಪ್ಪುಚುಕ್ಕೆ ರೋಗಕ್ಕೆ ಪ್ಲಾಸ್ಟಿಕ್ ಸೂರಿನಷ್ಟು ಒಳ್ಳೆಯ ಮದ್ದು ನನಗೂ ಗೊತ್ತಿಲ್ಲ. ಆದರೆ ಅವರ ಸೂರು ತಡೆಯುವುದು ಮಳೆಯನ್ನು, ಆಷಾಢವನ್ನಲ್ಲ. ಜರ್ಬೆರಾಕ್ಕೆ ಬಿಡುವೆಂಬುದೇ ಇಲ್ಲ. ಕೊಳ್ಳುವವರಿರಲಿ ಬಿಡಲಿ, ದಿನವೂ ಕಿತ್ತು, ಹತ್ತರ ಕಟ್ಟು ಕಟ್ಟಿ, ಬಾಡುವ ಮೊದಲು ಸಾಗಿಸಬೇಕು. 2023ರ ಜುಲೈಯಲ್ಲಿ ಬಯಲಿನವನು ಕಡೇಪಕ್ಷ ಸಾಲನ್ನು ಖಾಲಿ ಬಿಟ್ಟು ಸುಮ್ಮನಿರಬಹುದಿತ್ತು. ಕಾಲವನ್ನೇ ಕಟ್ಟಿಹಾಕಿದವನಿಗೆ ಸುಮ್ಮನಿರಲು ಎಲ್ಲಿಯ ಕಾಲ?

ಬೇರಿನ ಮಾತು ಬೇರೆಯೇ ಇದೆ. ಹೂ ಬೆಳೆಯುವವನಿಗೆ ಎರಡು ಪಂಚಾಂಗ. ರೋಹಿಣಿ, ಆರಿದ್ರ, ಹುಬ್ಬೆ, ಸ್ವಾತಿ ಎಂದು ನಾವು ಎಣಿಸುವ ಮಳೆ ನಕ್ಷತ್ರಗಳು ಸೂರ್ಯನವು. ಸೂರ್ಯ ಆ ನಕ್ಷತ್ರಕ್ಕೆ ಬಂದಾಗ ಆ ಮಳೆ ಹುಟ್ಟುತ್ತದೆ. ಹಾಗಾಗಿ ಅವು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಬರುತ್ತವೆ. ಹಬ್ಬ, ಮುಹೂರ್ತಗಳ ಮಾಸ ಚಂದ್ರನದು. ಚಂದ್ರನ ವರ್ಷ 354 ದಿನ, ಸೂರ್ಯನದಕ್ಕಿಂತ ಹನ್ನೊಂದು ದಿನ ಗಿಡ್ಡ. ಆ ಬಾಕಿಯನ್ನು ಚುಕ್ತಾ ಮಾಡಲು ಮೂವತ್ತೆರಡು, ಮೂವತ್ಮೂರು ತಿಂಗಳಿಗೊಮ್ಮೆ ಅಧಿಕ ಮಾಸ. 2022ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 24ಕ್ಕೆ, ಸ್ವಾತಿ ಹುಟ್ಟುವ ಹೊತ್ತಿಗೆ. ಬೆಂಗಳೂರಿನ ಸುತ್ತ ಆ ವರ್ಷ ಸುರಿದದ್ದು ದಾಖಲೆಯ ಮಳೆ. ಮರುವರ್ಷ ಅದೇ ಹಬ್ಬ ನವೆಂಬರ್ 12ಕ್ಕೆ. ಹಿಂದಿನ ವರ್ಷದ ತಾರೀಖಿಗೇ ನಾಟಿ ಮಾಡಿದವರ ಹೂ ಹಿಂದಿನ ವರ್ಷದ ತಾರೀಖಿಗೇ ಅರಳಿತು. ಹಬ್ಬ ಇನ್ನೂ ಹತ್ತೊಂಬತ್ತು ದಿನ ಆಚೆ ಕೂತಿತ್ತು.

ಸೇವಂತಿಗೆ ಸೂರ್ಯನ ಕಡೆಯ ಹೂ. ಇನ್ನೂ ಸರಿಯಾಗಿ ಹೇಳಬೇಕೆಂದರೆ ಇರುಳಿನ ಕಡೆಯದು. ಬೆಂಗಳೂರಿನಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ, ಅಷ್ಟೇ. ಅಷ್ಟರಲ್ಲೇ ಇರುಳು ಬೆಳೆಯುತ್ತಿದೆಯೆಂದು ಗಿಡಕ್ಕೆ ಗೊತ್ತಾಗುತ್ತದೆ, ಮೊಗ್ಗು ಕಟ್ಟುತ್ತದೆ. ಹಗಲಿರುಳಿನ ಅಳತೆಗೂ ಹೂ ಬಿಡುವುದಕ್ಕೂ ಇರುವ ಈ ನಂಟನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಹೊಗೆಸೊಪ್ಪು, ಸೋಯಾ ಗಿಡಗಳನ್ನಿಟ್ಟುಕೊಂಡು 1920ರಲ್ಲಿ ಪ್ರಕಟಿಸಿದರು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋದವರು ಹೊಲದ ತುಂಬ ಬಲ್ಬು ಉರಿಯುವುದನ್ನು ನೋಡಿ ಜಾತ್ರೆಯಿರಬೇಕು ಅಂದುಕೊಂಡಿರಬಹುದು. ಅದು ಸೇವಂತಿಗೆಯ ಇರುಳನ್ನು ನಡುವೆ ತುಂಡರಿಸುವ ಕೆಲಸ. ರಾತ್ರಿ ಹತ್ತರಿಂದ ಎರಡರವರೆಗೆ ಬೆಳಕು ಬಿದ್ದರೆ ಗಿಡದ ಲೆಕ್ಕದಲ್ಲಿ ಆ ಇರುಳು ಎರಡು ಗಿಡ್ಡ ಇರುಳುಗಳು. ಮೊಗ್ಗಿನ ಯೋಚನೆ ಬಿಟ್ಟು ದಂಟು ಉದ್ದವಾಗುತ್ತದೆ, ನಮಗೆ ಬೇಕಾದದ್ದೂ ಅದೇ. ದೀಪ ಆರಿಸಿದ ದಿನದಿಂದ ತಳಿಗೆ ತಕ್ಕಂತೆ ಎಂಟು, ಒಂಬತ್ತು, ಹತ್ತು ವಾರಕ್ಕೆ ಹೂ. ಕರೆಂಟು ಒಂದೆರಡು ರಾತ್ರಿ ಕೈಕೊಟ್ಟರೆ ಗಿಡ ಕ್ಷಮಿಸುತ್ತದೆ. ಸಾಲಾಗಿ ಹಲವು ರಾತ್ರಿ ಕೈಕೊಟ್ಟರೆ ಗೇಣುದ್ದದ ಗಿಡವೇ ಮೊಗ್ಗು ತೋರಿಸಿಬಿಡುತ್ತದೆ. ಆ ಹೂವನ್ನು ತೂಕಕ್ಕೆ ಹಾಕಬಹುದು, ಕಟ್ಟಿಗೆ ಸೇರಿಸಲಾಗದು.

ನನ್ನ ಸಹಜ ಕೃಷಿಯ ಗೆಳೆಯರಿಗೆ ಈ ದೀಪ ಕಂಡರಾಗದು. ಗಿಡಕ್ಕೆ ಮೋಸ, ಪರದೇಶದಿಂದ ಬಂದ ದುರಾಸೆ ಎನ್ನುತ್ತಾರೆ. ಅವರಿಗೆ ನಾನು ಓದಿಸುವುದು ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವನ್ನು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ಕನ್ನಡದಲ್ಲಿ ಬರೆದ ಪುಸ್ತಕ. ಬಾವಿ ತೋಡಲು ನೀರಿನ ನೆಲೆ ಹುಡುಕುವುದರಿಂದ ಹಿಡಿದು ಅಡುಗೆಯವರೆಗೆ ಮನೆಗೆ ಬೇಕಾದದ್ದೆಲ್ಲ ಅದರಲ್ಲಿದೆ. ಅದರ ವೃಕ್ಷಾಯುರ್ವೇದದ ಭಾಗದಲ್ಲಿ ಗಿಡಕ್ಕೆ ಏನು ತಿನ್ನಿಸಬೇಕು, ರೋಗಕ್ಕೆ ಏನು ಹೊಗೆ ಹಾಕಬೇಕು ಎಂಬುದರ ಜೊತೆಗೆ ಕಾಲವಲ್ಲದ ಕಾಲದಲ್ಲಿ ಹೂ ಬಿಡಿಸುವ ಉಪಾಯಗಳೂ ಬರುತ್ತವೆ. ಆ ಕಷಾಯ, ಲೇಪಗಳಲ್ಲಿ ಎಷ್ಟು ಫಲಿಸುತ್ತವೋ ಅದು ಬೇರೆ ಚರ್ಚೆ. ಸಾವಿರ ವರ್ಷದ ಹಿಂದೆಯೇ ಕನ್ನಡಿಗನಿಗೆ ಅಕಾಲದ ಹೂ ಬೇಕಿತ್ತು, ಅದನ್ನು ಬಯಸಲು ಅವನಿಗೆ ನಾಚಿಕೆಯಿರಲಿಲ್ಲ. ಇಷ್ಟಕ್ಕೂ ಕಾಲ ಎಂದರೆ ಯಾರ ಕಾಲ? ಹೂವಿನ ಕಾಲವನ್ನು ಸೂರ್ಯ ಇಡುತ್ತಾನೆ, ಬೆಲೆಯ ಕಾಲವನ್ನು ಚಂದ್ರ. ಎರಡನ್ನೂ ಹೊಂದಿಸದೆ ಬರಿದೇ ‘ಸಹಜ’ವಾಗಿ ಬೆಳೆದ ಹೂ ಮಂಡಿಯ ಹಿಂದಿನ ತಿಪ್ಪೆಗೆ ಸಹಜವಾಗಿಯೇ ಸೇರುತ್ತದೆ.

ಈ ಸಲದ ಲೆಕ್ಕಕ್ಕೆ ಬರೋಣ. ನರಕ ಚತುರ್ದಶಿ ನವೆಂಬರ್ 8ಕ್ಕೆ. ಒಂಬತ್ತು ವಾರದ ತಳಿಯಾದರೆ ಹಿಂದಕ್ಕೆ ಎಣಿಸಿ, ಸೆಪ್ಟೆಂಬರ್ 6. ಹೂ ಎರಡು ಮೂರು ದಿನ ಮೊದಲೇ ಮಂಡಿಯಲ್ಲಿರಬೇಕಲ್ಲ, ಅಷ್ಟು ಮೊದಲೇ ದೀಪ ಆರಿಸಿ. ಸ್ವಾತಿಯ ಮಳೆ ದಳದೊಳಗೆ ನಿಂತು ಹೂ ಕೊಳೆಯುವ ಭಯ ಆಗಲೂ ಇದ್ದದ್ದೇ. ಸಾಲು ದೂರ ಬಿಟ್ಟು ಗಾಳಿಯಾಡಲು ದಾರಿ ಮಾಡಿಕೊಡುವುದು ಬಿಟ್ಟರೆ ಅದಕ್ಕೆ ದೊಡ್ಡ ಉಪಾಯವಿಲ್ಲ. ಅದಕ್ಕೂ ಮೊದಲು ದಾಟಬೇಕಾದ್ದು ಮದುವೆಯಿಲ್ಲದ ಎರಡು ಹೊಂಡ: ಜೂನ್ 15ರವರೆಗೆ ಅಧಿಕ ಮಾಸ, ಜುಲೈ ಮಧ್ಯದಿಂದ ಆಷಾಢ. ನಡುವೆ ನಿಜ ಜ್ಯೇಷ್ಠ ಒಂದೇ ತಿಂಗಳು. ಆ ತಿಂಗಳಿಗೆ ತಾಳೆಯಾಗುವುದು ಗ್ಲಾಡಿಯೋಲಸ್. ತಳಿ ನೋಡಿ ಅರವತ್ತರಿಂದ ತೊಂಬತ್ತು ದಿನಕ್ಕೆ ದಂಟು ಬರುತ್ತದೆ, ಹಗಲಿರುಳಿನ ಅಳತೆಗೆ ಸೇವಂತಿಗೆಯಷ್ಟು ಮುನಿಸಿಲ್ಲ. ಅಲ್ಪಾವಧಿಯ ತಳಿ, ದೀರ್ಘಾವಧಿಯ ತಳಿ ಎರಡನ್ನೂ ಈ ವಾರ, ಬರುವ ವಾರ ಬೇರೆ ಬೇರೆ ಸಾಲಿಗೆ ಹಾಕಿದರೆ ಆ ತಿಂಗಳಿಡೀ ಕೊಯ್ಯಬಹುದು. ಥ್ರಿಪ್ಸ್ ಮೇಲೆ ಕಣ್ಣಿರಲಿ, ಮುಂಗಾರಿನ ಗಾಳಿಗೆ ಮೊದಲು ಊರುಗೋಲು ಕೊಡಿ. ಉಳಿದ ಸಾಲಿಗೆಲ್ಲ ನಾನು ಅಪ್ಸೆಣಬು ಚೆಲ್ಲಿಸುತ್ತಿದ್ದೇನೆ, ಆಷಾಢದಲ್ಲಿ ಮಣ್ಣಿಗೆ ಮಗುಚಲು. ಜರ್ಬೆರಾ ಹಾಕಿಕೊಂಡವರಿಗೆ ಆ ಸೌಕರ್ಯವಿಲ್ಲ.